ಮಾವನ ಜೊತೆ ಕೆಂಟಕಿಗೆ: ಗೆದ್ದ ಕುದುರೆಗಳು, ಮುರಿದ ಕಾಲುಗಳು

ಗುರುವಾರ

ಕೊಲಂಬಸ್‌ನಿಂದ ಲೆಕ್ಸಿಂಗ್ಟನ್‌ಗೆ ಮೂರು ತಾಸಿನ ದಾರಿ. ಸಿನ್ಸಿನಾಟಿಯಲ್ಲಿ ಒಹಾಯೋ ನದಿ ದಾಟಿದರೆ ಕೆಂಟಕಿ ಶುರು. ಇನ್ನೊಂದು ಗಂಟೆ ಹೋದ ಮೇಲೆ ರಸ್ತೆಯ ಎರಡೂ ಕಡೆ ಹುಲ್ಲುಗಾವಲು, ಕಪ್ಪು ಬಣ್ಣ ಬಳಿದ ಮರದ ಬೇಲಿ, ಮನೆಗಳಿಗಿಂತ ಚೆಂದದ ಕುದುರೆ ಲಾಯಗಳು.

2024ರ ಅಕ್ಟೋಬರ್. ಮೈಸೂರಿನಿಂದ ಮಾವ ಬಂದಿದ್ದರು. ನಯಾಗರ ತೋರಿಸಿ ಆಗಿತ್ತು. "ನೀರು ಸಾಕಮ್ಮ, ಕುದುರೆ ತೋರಿಸು" ಎಂದರು. ಚಾಮುಂಡಿ ಬೆಟ್ಟದ ಕೆಳಗಿನ ರೇಸ್ ಕೋರ್ಸಿಗೆ ವರ್ಷಗಟ್ಟಲೆ ಹೋದವರು ಅವರು. ದುಡ್ಡು ಕಳೆದುಕೊಂಡು ಅತ್ತೆಯ ಹತ್ತಿರ ಬೈಸಿಕೊಂಡವರು. ನನಗೆ ರೇಸ್ ಹುಚ್ಚಿಲ್ಲ. ಆದರೆ ಓಡುವಾಗ ಕಾಲು ಮುರಿದುಕೊಂಡ ಕುದುರೆಗಳ ಬಗ್ಗೆ, ಅವಕ್ಕಾಗಿ ಅಳುವ ಜನರ ಬಗ್ಗೆ ಬಹಳ ದಿನದಿಂದ ಕುತೂಹಲ ಇತ್ತು. ಹಾಗಾಗಿ ಮನೆಯಲ್ಲೇ ಒಪ್ಪಂದ ಆಯಿತು. ಒಂದು ಮಧ್ಯಾಹ್ನ ಮಾವನ ರೇಸಿಗೆ, ಉಳಿದದ್ದು ನನ್ನ ಕುದುರೆಗಳಿಗೆ. ಯಜಮಾನರದ್ದು ಡ್ರೈವಿಂಗ್.

ಮೊದಲು ಹೋಗಿದ್ದು ಹೆದ್ದಾರಿ ಪಕ್ಕದಲ್ಲೇ ಇರುವ ಕೆಂಟಕಿ ಹಾರ್ಸ್ ಪಾರ್ಕಿಗೆ. ದೊಡ್ಡ ಜಾಗ. ಅರ್ಧ ಸುತ್ತುವಷ್ಟರಲ್ಲಿ ಎರಡು ದಪ್ಪ ಕುದುರೆ ಕಟ್ಟಿದ ಸವಾರಿ ಗಾಡಿ ಬಂತು. "ಕುದುರೆ ಕಂಡರೆ ಕಾಲುನೋವು ಅಂತಾರಲ್ಲ, ನನಗೆ ಬಂದೇ ಬಿಡ್ತು ನೋಡು" ಎಂದು ಮಾವ ಹತ್ತಿ ಕೂತರು.

ಪಾರ್ಕಿನ ಮ್ಯೂಸಿಯಂನಲ್ಲಿ ಲೆಕ್ಸಿಂಗ್ಟನ್ ಎಂಬ ಕುದುರೆಯ ಅಸ್ಥಿಪಂಜರ ಇದೆ. 1850ರಲ್ಲಿ ಹುಟ್ಟಿ 1875ರಲ್ಲಿ ಸತ್ತ ಕುದುರೆ. ಏಳು ರೇಸಿನಲ್ಲಿ ಆರು ಗೆದ್ದಿತ್ತು, ಆಮೇಲೆ ಕಣ್ಣು ಹೋಯಿತು. ಬಹಳ ಕಾಲ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್‌ನಲ್ಲಿದ್ದ ಮೂಳೆಗಳು 2010ರಲ್ಲಿ ಊರಿಗೆ ವಾಪಸ್ ಬಂದವು. ನಾನು ಅದರ ಕಾಲುಗಳನ್ನೇ ನೋಡುತ್ತಾ ನಿಂತೆ. ಕುದುರೆಯ ಮಂಡಿಯಿಂದ ಕೆಳಗೆ ಮಾಂಸ ಅಂತಲೇ ಇರುವುದಿಲ್ಲ. ಎಲುಬು, ನರದಂಥ ಗಟ್ಟಿ ಪಟ್ಟಿಗಳು, ಮೇಲೆ ಚರ್ಮ, ಅಷ್ಟೇ. ಗೊರಸಿನ ಮೇಲಿನ ಕೀಲಿನ ಹಿಂದೆ ಸೆಸಮಾಯ್ಡ್ ಎಂಬ ಎರಡು ಪುಟ್ಟ ಎಲುಬುಗಳಿವೆ. ರೇಸ್ ಕುದುರೆಯ ತೂಕ 450ರಿಂದ 500 ಕಿಲೋ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವಾಗ ಪ್ರತಿ ನೆಗೆತದಲ್ಲೂ ಒಂದು ಗಳಿಗೆ ಇಡೀ ದೇಹ ಒಂದೇ ಕಾಲಿನ ಮೇಲೆ ಬೀಳುತ್ತದೆ. ಅದೂ ತೂಕದ ಎರಡು ಪಟ್ಟಿಗಿಂತ ಜಾಸ್ತಿ ಒತ್ತಡ.

"ಅದಿರಲಿ, ಕಾಲು ಮುರಿದ ತಕ್ಷಣ ಸಾಯಿಸ್ತಾರಲ್ಲ, ಅದ್ಯಾಕೆ? ಪ್ಲಾಸ್ಟರ್ ಹಾಕಿ ಮಲಗಿಸಬಾರದಾ?" ಎಂದು ಮಾವ ಕೇಳಿದರು. ಎಲ್ಲರೂ ಕೇಳುವ ಪ್ರಶ್ನೆ. ಕುದುರೆ ದಿನಗಟ್ಟಲೆ ಮಲಗಿರಲು ಆಗುವುದಿಲ್ಲ. ಅದರ ಭಾರಕ್ಕೆ ಅದರದ್ದೇ ಸ್ನಾಯು, ಶ್ವಾಸಕೋಶ ಕೆಡುತ್ತವೆ. ನಿಂತೇ ವಾಸಿಯಾಗಬೇಕು. ಮುರಿದ ಕಾಲು ಊರದಿದ್ದರೆ ಭಾರವೆಲ್ಲ ಪಕ್ಕದ ಒಳ್ಳೆ ಕಾಲಿಗೆ. ನಮ್ಮ ಉಗುರು ಬೆರಳಿಗೆ ಅಂಟಿಕೊಂಡಿರುವ ಹಾಗೆ ಗೊರಸು ಒಳಗಿನ ಎಲುಬಿಗೆ ತೆಳು ಪದರಗಳಿಂದ ಅಂಟಿಕೊಂಡಿರುತ್ತದೆ. ಒಂದೇ ಕಾಲಿನ ಮೇಲೆ ವಾರಗಟ್ಟಲೆ ಭಾರ ಬಿದ್ದರೆ ಅಲ್ಲಿಗೆ ರಕ್ತ ಸರಿಯಾಗಿ ಹರಿಯದೆ ಆ ಪದರ ಬಿಟ್ಟುಕೊಳ್ಳುತ್ತದೆ. ಎಲುಬು ಗೊರಸಿನೊಳಗೆ ಕುಸಿಯುತ್ತದೆ. ಇದೇ ಲ್ಯಾಮಿನೈಟಿಸ್. ಎಷ್ಟೋ ಸಲ ಮುರಿದ ಕಾಲು ಕೂಡಿಕೊಂಡಿರುತ್ತದೆ, ಕುದುರೆ ಸಾಯುವುದು ಒಳ್ಳೆ ಕಾಲಿನಿಂದ.

ಮಾವ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. "ಇಷ್ಟು ವರ್ಷ ರೇಸ್ ನೋಡಿದೆ, ಇದು ಗೊತ್ತಿರಲಿಲ್ಲ" ಎಂದರು.

ಹೊರಗೆ ಸಮಾಧಿಗಳಿವೆ. 21 ರೇಸಿನಲ್ಲಿ 20 ಗೆದ್ದ ಮ್ಯಾನ್ ಓ ವಾರ್‌ಗೆ ದೊಡ್ಡ ಕಂಚಿನ ಪ್ರತಿಮೆ. ಹತ್ತಿರದಲ್ಲೇ ಐಸಾಕ್ ಮರ್ಫಿಯ ಸಮಾಧಿ. 1884, 1890 ಮತ್ತು 1891ರಲ್ಲಿ ಕೆಂಟಕಿ ಡರ್ಬಿ ಎಂಬ ದೊಡ್ಡ ರೇಸ್ ಗೆದ್ದ ಕಪ್ಪು ಜನಾಂಗದ ಜಾಕಿ, ಅಂದರೆ ರೇಸ್ ಸವಾರ. 2003ರ ಡರ್ಬಿ ಗೆದ್ದ ಫನ್ನಿ ಸೈಡ್ ಕೂಡ ಇಲ್ಲೇ ಇತ್ತು, 2023ರ ಜುಲೈನಲ್ಲಿ ತೀರಿಕೊಂಡಿತು. ಹೈಸ್ಕೂಲಿನ ಗೆಳೆಯರು ಸೇರಿ ಕೊಂಡ ಕುದುರೆ ಅದು. ಮಾಲೀಕರು ಡರ್ಬಿಗೆ ಹಳದಿ ಸ್ಕೂಲ್ ಬಸ್ಸಿನಲ್ಲಿ ಬಂದಿದ್ದರು. ಬೀಜ ಒಡೆದ ಕುದುರೆ, ಮರಿ ಮಾಡಿಸಿ ದುಡ್ಡು ಮಾಡುವ ಹಾಗಿಲ್ಲ. ಅಂಥದ್ದಕ್ಕೆ ಓಟ ಮುಗಿದ ಮೇಲೆ ಜಾಗ ಸಿಗುವುದೇ ಕಷ್ಟ. ಇದಕ್ಕೆ ಸಿಕ್ಕಿತು, ಹೆಸರು ಮಾಡಿತ್ತಲ್ಲ.

ಶುಕ್ರವಾರ

ಬೆಳಿಗ್ಗೆ ಹೋಟೆಲಿನ ಮೈಕ್ರೋವೇವಿನಲ್ಲಿ ಚಪಾತಿ ಬಿಸಿ ಮಾಡಿಕೊಂಡು ತಿಂದು ಜಾರ್ಜ್‌ಟೌನ್‌ಗೆ ಹೊರಟೆವು. ಅಲ್ಲಿ ಓಲ್ಡ್ ಫ್ರೆಂಡ್ಸ್ ಎಂಬ ಫಾರ್ಮ್ ಇದೆ. ನಿವೃತ್ತ ರೇಸ್ ಕುದುರೆಗಳ ಮನೆ. ಈ ಪ್ರವಾಸದಲ್ಲಿ ಒಂದೇ ಜಾಗ ನೋಡಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

ಇದು ಹುಟ್ಟಿದ್ದರ ಹಿಂದೆ ಒಂದು ಕೆಟ್ಟ ಸುದ್ದಿ ಇದೆ. ಫರ್ಡಿನಾಂಡ್ ಎಂಬ ಕುದುರೆ 1986ರಲ್ಲಿ ಕೆಂಟಕಿ ಡರ್ಬಿ ಗೆದ್ದಿತು. ಮರುವರ್ಷ ಅಮೆರಿಕದ ವರ್ಷದ ಕುದುರೆ ಎನಿಸಿಕೊಂಡಿತು. ಆಮೇಲೆ ಮರಿ ಮಾಡಿಸಲು ಜಪಾನಿಗೆ ಮಾರಿದರು. ಅದರ ಮರಿಗಳು ಅಲ್ಲಿ ಬೇಡಿಕೆ ಗಳಿಸಲಿಲ್ಲ. 2002ರಲ್ಲಿ ಅದು ಕಸಾಯಿಖಾನೆಗೆ ಹೋಯಿತು. ಸುದ್ದಿ ಅಮೆರಿಕಕ್ಕೆ ತಲುಪಿದ್ದು ಮರುವರ್ಷ. ಡರ್ಬಿ ಗೆದ್ದ ಕುದುರೆಗೇ ಹೀಗಾದರೆ ಉಳಿದವಕ್ಕೆ? ಜನ ರೊಚ್ಚಿಗೆದ್ದರು. ಅದೇ 2003ರಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುತ್ತಿದ್ದ ಮೈಕಲ್ ಬ್ಲೋವನ್ ಈ ಸಂಸ್ಥೆ ಶುರು ಮಾಡಿದರು. ಅವರು ಈಗ ಜವಾಬ್ದಾರಿ ಬಿಟ್ಟುಕೊಟ್ಟಿದ್ದಾರೆ. ಕುದುರೆಗಳ ಸಂಖ್ಯೆ ಇನ್ನೂರು ದಾಟಿದೆ.

ಗೈಡ್ ಒಬ್ಬ ನಿವೃತ್ತ ಟೀಚರ್. ಸಂಬಳ ಇಲ್ಲ, ಸ್ವಯಂಸೇವಕಿ. ಕೈಯಲ್ಲಿ ಕತ್ತರಿಸಿದ ಕ್ಯಾರೆಟ್ ತುಂಬಿದ ಬಕೆಟ್. ಬೆರಳು ಮಡಚಬೇಡಿ, ಅಂಗೈ ಚಪ್ಪಟೆ ಇಟ್ಟುಕೊಂಡು ಕೊಡಿ ಎಂದು ಎರಡು ಸಲ ಹೇಳಿದರು. ಮಾವನಿಗೆ ಮೂರನೇ ಸಲವೂ ಹೇಳಬೇಕಾಯಿತು.

ಸಿಲ್ವರ್ ಚಾರ್ಮ್ ಬೇಲಿ ಹತ್ತಿರ ತಾನಾಗೇ ಬಂತು. ಒಂದು ಕಾಲಕ್ಕೆ ಬೂದು ಬಣ್ಣದ ಕುದುರೆ, ಈಗ ಪೂರ್ತಿ ಬಿಳಿ. ಮೂವತ್ತು ವರ್ಷ ವಯಸ್ಸು. 1997ರಲ್ಲಿ ಡರ್ಬಿ ಮತ್ತು ಪ್ರೀಕ್‌ನೆಸ್ ಗೆದ್ದು, ಬೆಲ್ಮಾಂಟ್‌ನಲ್ಲಿ ಟಚ್ ಗೋಲ್ಡ್‌ಗೆ ಮುಕ್ಕಾಲು ಕುದುರೆ ಉದ್ದದಲ್ಲಿ ಸೋತಿತ್ತು. ಅಷ್ಟರಲ್ಲಿ ಟ್ರಿಪಲ್ ಕ್ರೌನ್, ಅಂದರೆ ಒಂದೇ ವರ್ಷ ಈ ಮೂರೂ ರೇಸ್ ಗೆಲ್ಲುವ ಗೌರವ, ತಪ್ಪಿತು. ಮರುವರ್ಷ ದುಬೈ ವರ್ಲ್ಡ್ ಕಪ್ ಗೆದ್ದಿತು. ಇದೂ ಜಪಾನಿಗೆ ಹೋಗಿತ್ತು. ಆದರೆ ಫರ್ಡಿನಾಂಡ್ ಕಥೆ ಆದ ಮೇಲೆ ಜನ ಎಚ್ಚೆತ್ತಿದ್ದರಲ್ಲ, 2014ರ ಡಿಸೆಂಬರಿನಲ್ಲಿ ವಿಮಾನದಲ್ಲಿ ವಾಪಸ್ ಬಂತು. ಬೆನ್ನು ಬಗ್ಗಿದೆ, ಹಣೆಯ ಮೇಲೆ ಕಣ್ಣಿನ ಹತ್ತಿರ ಗುಳಿ ಬಿದ್ದಿದೆ. ಕ್ಯಾರೆಟ್ ಮಾತ್ರ ಬಿಡುವುದಿಲ್ಲ.

ನಮ್ಮ ಗುಂಪಿನಲ್ಲಿ ಇಂಡಿಯಾನಾದ ಒಬ್ಬ ಹೆಂಗಸು ಇದ್ದರು. ಅವರು ನೋಡಲು ಬಂದಿದ್ದು ಸಿಲ್ವರ್ ಚಾರ್ಮ್‌ನ ಅಲ್ಲ. ಎಲ್ಲೋ ಚಿಕ್ಕ ಟ್ರ್ಯಾಕಿನಲ್ಲಿ ಓಡಿ, ಕೀಲು ಕೆಟ್ಟು ನಿಂತುಹೋದ ಒಂದು ಕಂದು ಕುದುರೆ. ತಮ್ಮ ಗಂಡ ಬದುಕಿದ್ದಾಗ ಇಬ್ಬರೂ ಅದರ ಮೇಲೆ ಎರಡು ಡಾಲರ್ ಕಟ್ಟುತ್ತಿದ್ದರಂತೆ. ಈಗ ಪ್ರತಿ ತಿಂಗಳು ಅದರ ಹುಲ್ಲಿಗೆ ದುಡ್ಡು ಕಳಿಸುತ್ತಾರೆ. "ನನ್ನ ಕುದುರೆ" ಎಂದೇ ಹೇಳಿದರು. ಮಾಲೀಕರು ಯಾರಿದ್ದರೋ, ಈಗ ಎಲ್ಲಿದ್ದಾರೋ. ಮಾವ ಅವರ ಜೊತೆ ಹರುಕುಮುರುಕು ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ನಮ್ಮ ಕಡೆ ಕುಣಿಗಲ್ ಅಂತ ಇದೆ, ಟಿಪ್ಪು ಕಾಲದಿಂದ ಅಲ್ಲಿ ಕುದುರೆ ಸಾಕ್ತಾರೆ ಎಂದು ಕೈ ಮಾಡಿ ವಿವರಿಸಿದರು. ಅವರಿಗೆ ಎಷ್ಟು ಅರ್ಥವಾಯಿತೋ, ತಲೆಯಂತೂ ಆಡಿಸಿದರು.

ಇಂಥವರೇ ಈ ಜಾಗ ನಡೆಸುವುದು. ಗಂಡು ಕುದುರೆಗಳನ್ನು ಒಟ್ಟಿಗೆ ಬಿಟ್ಟರೆ ಕಾದಾಡುತ್ತವೆ. ಒಂದೊಂದಕ್ಕೂ ಬೇರೆ ಬೇಲಿ ಬೇಕು. ಖರ್ಚು ಜಾಸ್ತಿ. ಟಿಕೆಟ್, ಟೀ ಶರ್ಟ್, ಅಭಿಮಾನಿಗಳು ಕಳಿಸುವ ದುಡ್ಡು ಎಲ್ಲ ಸೇರಿ ನಡೆಯಬೇಕು. ಇದೇ ಸಂಸ್ಥೆಯ ನ್ಯೂಯಾರ್ಕ್ ಫಾರ್ಮಿನಲ್ಲಿ ಜಿಪ್ಪಿ ಚಿಪ್ಪಿ ಎಂಬ ಕುದುರೆ ಇತ್ತು. 100 ರೇಸ್ ಓಡಿ ಒಂದನ್ನೂ ಗೆದ್ದಿರಲಿಲ್ಲ. 2022ರಲ್ಲಿ ಸಾಯುವವರೆಗೆ ಅದನ್ನು ನೋಡಲು ಜನ ಬರುತ್ತಿದ್ದರು.

ಆದರೂ ಲೆಕ್ಕ ಹಾಕಿದರೆ ಸಮಾಧಾನ ಆಗುವುದಿಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಥರೋಬ್ರೆಡ್ ಎಂಬ ರೇಸ್ ತಳಿಯ ಸುಮಾರು 17 ಸಾವಿರ ಮರಿಗಳು ಹುಟ್ಟುತ್ತವೆ. ಇಲ್ಲಿ ಇರುವುದು ಇನ್ನೂರು ಚಿಲ್ಲರೆ. ದೇಶದೊಳಗಿನ ಕುದುರೆ ಕಸಾಯಿಖಾನೆಗಳು 2007ರಲ್ಲೇ ಮುಚ್ಚಿದವು. ಆದರೆ ಹರಾಜಿನಲ್ಲಿ ಕೊಂಡು ಲಾರಿಯಲ್ಲಿ ಮೆಕ್ಸಿಕೋ, ಕೆನಡಾಕ್ಕೆ ಸಾಗಿಸುವುದು ನಿಂತಿಲ್ಲ.

ಸಂಜೆ ಹೋಟೆಲಿನಲ್ಲಿ ಮಳೆ, ಟಿವಿ, ನಿದ್ದೆ.

ಶನಿವಾರ

ಬೆಳಿಗ್ಗೆ ಪ್ಯಾರಿಸ್. ಕೆಂಟಕಿಯಲ್ಲೂ ಒಂದು ಪ್ಯಾರಿಸ್ ಇದೆ. ಅಲ್ಲಿನ ಕ್ಲೇಬೋರ್ನ್ ಫಾರ್ಮಿನಲ್ಲಿ ಸೆಕ್ರೆಟೇರಿಯಟ್ ಸಮಾಧಿ. 1973ರಲ್ಲಿ ಟ್ರಿಪಲ್ ಕ್ರೌನ್ ಗೆದ್ದದ್ದು. ಬೆಲ್ಮಾಂಟ್‌ನಲ್ಲಿ 31 ಕುದುರೆ ಉದ್ದದಷ್ಟು ಮುಂದೆ ಬಂದಿತ್ತು. 2 ನಿಮಿಷ 24 ಸೆಕೆಂಡ್, ಆ ದಾಖಲೆ ಇನ್ನೂ ಮುರಿದಿಲ್ಲ. ರೇಸಿನಲ್ಲಿ ಅದಕ್ಕೆ ಏನೂ ಆಗಲಿಲ್ಲ. 1989ರ ಅಕ್ಟೋಬರ್ 4ರಂದು, 19ನೇ ವಯಸ್ಸಿನಲ್ಲಿ ಅದನ್ನೂ ದಯಾಮರಣಕ್ಕೆ ಒಪ್ಪಿಸಬೇಕಾಗಿ ಬಂತು, ಲ್ಯಾಮಿನೈಟಿಸ್‌ನಿಂದ. ಸಾಮಾನ್ಯವಾಗಿ ಇಲ್ಲಿ ತಲೆ, ಹೃದಯ, ಗೊರಸು ಮಾತ್ರ ಹೂಳುತ್ತಾರಂತೆ. ಇದನ್ನು ಇಡಿಯಾಗಿ ಹೂಳಿದ್ದಾರೆ. ಕಲ್ಲು ಮಾತ್ರ ಸಾದಾ, ಹೆಸರು ಮತ್ತು ವರ್ಷ.

ನನ್ನ ಮನಸ್ಸು ಇದ್ದದ್ದು ಇನ್ನೊಂದು ಕುದುರೆಯ ಮೇಲೆ. ರಫಿಯನ್, ಕಪ್ಪು ಹೆಣ್ಣು ಕುದುರೆ. 1972ರಲ್ಲಿ ಇದೇ ಕ್ಲೇಬೋರ್ನ್‌ನಲ್ಲಿ ಹುಟ್ಟಿತ್ತು. ಓಡಿದ ಹತ್ತೂ ರೇಸ್ ಗೆದ್ದಿತ್ತು. 1975ರ ಜುಲೈ 6ರಂದು ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕಿನಲ್ಲಿ ಆ ವರ್ಷದ ಡರ್ಬಿ ಗೆದ್ದ ಫೂಲಿಶ್ ಪ್ಲೆಷರ್ ಜೊತೆ ಜಿದ್ದಿನ ಓಟ, ಎರಡೇ ಕುದುರೆ. ಹೆಣ್ಣೋ ಗಂಡೋ ಎಂದು ದೇಶವೆಲ್ಲ ಟಿವಿ ಮುಂದೆ ಕೂತಿತ್ತು. ಅರ್ಧ ದಾರಿ ಆಗುವ ಮೊದಲೇ ಅದರ ಬಲ ಮುಂಗಾಲಿನ ಸೆಸಮಾಯ್ಡ್ ಎಲುಬುಗಳು ಮುರಿದವು. ಜಾಕಿ ಎಳೆದರೂ ಓಡುತ್ತಲೇ ಇತ್ತು. ರಾತ್ರಿ ಆಪರೇಷನ್ ಆಯಿತು. ಅರಿವಳಿಕೆ ಇಳಿಯುವಾಗ ಇನ್ನೂ ರೇಸಿನಲ್ಲೇ ಇರುವ ಹಾಗೆ ಮಲಗಿದಲ್ಲೇ ಕಾಲು ಬಡಿದು, ಕಟ್ಟಿದ ಪಟ್ಟಿಯನ್ನೆಲ್ಲ ಒಡೆದುಕೊಂಡಿತು. ಬೆಳಗಾಗುವ ಮೊದಲೇ ಕೊನೆಗಾಣಿಸಿದರು. ಬೆಲ್ಮಾಂಟ್‌ನ ಮೈದಾನದಲ್ಲೇ, ಮೂಗು ಗುರಿಗೆರೆಯ ಕಡೆ ಇಟ್ಟು ಹೂಳಿದ್ದರು. ಆ ಟ್ರ್ಯಾಕನ್ನು ಹೊಸದಾಗಿ ಕಟ್ಟಲು ಹೊರಟಾಗ, 2023ರಲ್ಲಿ, ಅವಶೇಷಗಳನ್ನು ಕ್ಲೇಬೋರ್ನ್‌ಗೆ ತಂದರು. ನಮ್ಮ ಟೂರಿನಲ್ಲಿ ಆ ಜಾಗ ಇರಲಿಲ್ಲ.

ಮಧ್ಯಾಹ್ನ ಮಾವನ ಸರದಿ. ಕೀನ್‌ಲ್ಯಾಂಡ್ ರೇಸ್ ಕೋರ್ಸ್, 1936ರಿಂದ ಇದೆ. ಕಲ್ಲಿನ ಕಟ್ಟಡ, ಹಣ್ಣೆಲೆ ತುಂಬಿದ ಮರಗಳು, ಕೋಟು ಟೈ ಹಾಕಿದ ಕಾಲೇಜು ಹುಡುಗರು. ಮಾವ ರೇಸ್ ಪುಸ್ತಕ ಕೊಂಡು ಕನ್ನಡಕ ಏರಿಸಿ ಕೂತರು. ಗೇಟಿಗೆ ಬರುವ ಮೊದಲು ಕುದುರೆಗಳನ್ನು ಸುತ್ತಿಸುವ ಜಾಗದಲ್ಲಿ ನಿಂತು, ನಡಿಗೆ ನೋಡಿ, ಒಂದನ್ನು ಆರಿಸಿ ಎರಡು ಡಾಲರ್ ಕಟ್ಟಿದರು. ಗೇಟಿನ ಹತ್ತಿರ ಪಶುವೈದ್ಯರು ಅದನ್ನೇ ಹೊರಗೆ ಕಳಿಸಿದರು. ನಡಿಗೆಯಲ್ಲಿ ಏನೋ ಸರಿ ಕಾಣಲಿಲ್ಲ.

"ಇದೇನಮ್ಮ, ನಾನು ನೋಡಿದಾಗ ಚೆನ್ನಾಗೇ ಇತ್ತು!"

"ಮಾವ, ನಿಮ್ಮ ಎರಡು ಡಾಲರ್ ವಾಪಸ್ ಕೊಡ್ತಾರೆ ಬಿಡಿ."

"ದುಡ್ಡಿನ ಮಾತಲ್ಲ. ನನ್ನ ಕಣ್ಣಿಗೆ ಯಾಕೆ ಕಾಣಲಿಲ್ಲ ಅಂತ."

ಕಾಣುವುದಿಲ್ಲ, ಅದೇ ತೊಂದರೆ. ಕಾಲು ಮುರಿಯುವುದು ಒಂದೇ ಹೆಜ್ಜೆಯಲ್ಲಿ ಅಂತ ನಮಗೆ ಅನಿಸುತ್ತದೆ. ಸತ್ತ ಕುದುರೆಗಳ ಕಾಲು ಬಿಚ್ಚಿ ನೋಡಿದವರು ಬೇರೆ ಹೇಳುತ್ತಾರೆ. ಬಹುಪಾಲು ಕುದುರೆಗಳಲ್ಲಿ ಮೊದಲೇ ಸಣ್ಣ ಬಿರುಕುಗಳಿದ್ದವು. ಅಭ್ಯಾಸ, ಓಟ, ಮತ್ತೆ ಅಭ್ಯಾಸ. ಎಲುಬಿಗೆ ತನ್ನನ್ನು ತಾನು ಸರಿಮಾಡಿಕೊಳ್ಳಲು ಸಮಯ ಸಿಗುವುದಿಲ್ಲ. ಕುದುರೆಯೋ, ನೋವನ್ನು ಅಡಗಿಸುವ ಪ್ರಾಣಿ. 2019ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಅನಿಟಾದಲ್ಲಿ ಒಂದರ ಹಿಂದೊಂದು ಕುದುರೆ ಸತ್ತು ದೇಶವೆಲ್ಲ ಗಲಾಟೆಯಾದ ಮೇಲೆ, ಅಲ್ಲಿ ನಿಂತ ಕುದುರೆಯ ಕಾಲನ್ನೇ ಪೆಟ್ ಸ್ಕ್ಯಾನ್ ಮಾಡುವ ಯಂತ್ರ ತಂದರು. ಎಕ್ಸ್‌ರೇಗೆ ಕಾಣದ್ದು ಅದರಲ್ಲಿ ಕಾಣುತ್ತದೆ.

ಟ್ರ್ಯಾಕಿನ ನೆಲದ್ದೂ ಒಂದು ಕಥೆ. ಕೀನ್‌ಲ್ಯಾಂಡ್ 2006ರಲ್ಲಿ ಮಣ್ಣು ತೆಗೆದು, ಮೇಣ ಬೆರೆಸಿದ ಮರಳು ಮತ್ತು ನಾರಿನ ಕೃತಕ ನೆಲ ಹಾಕಿತು. ದೇಶದ ಅಂಕಿಅಂಶ ನೋಡಿದರೆ ಅಂಥ ನೆಲದ ಮೇಲೆ ಸಾವು ಕಡಿಮೆ. 2014ರಲ್ಲಿ ಮತ್ತೆ ಮಣ್ಣಿಗೇ ಬಂದರು. ದೊಡ್ಡ ರೇಸುಗಳೆಲ್ಲ ಮಣ್ಣಿನ ಮೇಲೆ ನಡೆಯುತ್ತವೆ, ಮಾಲೀಕರಿಗೆ ಅದೇ ಬೇಕಿತ್ತು. ಇದು ನನಗೆ ಜೀರ್ಣವಾಗುವುದಿಲ್ಲ. ಪೂರ್ತಿ ನಿರಾಶೆ ಪಡುವ ಹಾಗೂ ಇಲ್ಲ ಅನ್ನಿ. ಒಂದು ಕುದುರೆ ಒಂದು ಸಲ ಓಡಿದ್ದನ್ನು ಒಂದು ಓಟ ಎಂದು ಹಿಡಿದರೆ, ಅಮೆರಿಕದಲ್ಲಿ 2009ರಲ್ಲಿ ಸಾವಿರ ಓಟಕ್ಕೆ 2.00 ಸಾವು ಇದ್ದದ್ದು 2023ಕ್ಕೆ 1.32ಕ್ಕೆ ಇಳಿದಿದೆ. 2022ರಿಂದ ಇಡೀ ದೇಶಕ್ಕೆ ಒಂದೇ ಸುರಕ್ಷತಾ ಪ್ರಾಧಿಕಾರ ಬಂದಿದೆ.

ಮಾವ ಮುಂದಿನ ರೇಸಿನಲ್ಲಿ ಹನ್ನೊಂದು ಡಾಲರ್ ಗೆದ್ದರು. ಅತ್ತೆಗೆ ಫೋನ್ ಮಾಡಿ ಹೇಳಿ ಬೈಸಿಕೊಂಡರು.

ಭಾನುವಾರ

ಲೂಯಿವಿಲ್, ಚರ್ಚಿಲ್ ಡೌನ್ಸ್. ಡರ್ಬಿ ನಡೆಯುವ ಜಾಗ. ಎರಡು ಗೋಪುರಗಳ ಫೋಟೋ ತೆಗೆದುಕೊಂಡದ್ದಾಯಿತು. ಪಕ್ಕದಲ್ಲೇ ಡರ್ಬಿ ಮ್ಯೂಸಿಯಂ. ಅದರ ಅಂಗಳದಲ್ಲಿ ಡರ್ಬಿ ಗೆದ್ದ ಕೆಲವು ಕುದುರೆಗಳ ಸಮಾಧಿ ಇವೆ. ಜನ ಬೇಗ ದಾಟಿ ಹೋಗುತ್ತಾರೆ. ನೀವು ಹೋದರೆ ಸ್ವಾಪ್ಸ್ ಹೆಸರಿನ ಕಲ್ಲು ಹುಡುಕಿ.

ಸ್ವಾಪ್ಸ್ 1955ರ ಡರ್ಬಿ ಗೆದ್ದದ್ದು, ನಾಶುವಾ ಎಂಬ ಕುದುರೆಯನ್ನು ಹಿಂದೆ ಹಾಕಿ. ಅದೇ ಬೇಸಿಗೆ ಶಿಕಾಗೋದಲ್ಲಿ ಇಬ್ಬರಿಗೂ ಜಿದ್ದಿನ ಓಟ ಇಟ್ಟರು. ಅಲ್ಲಿ ನಾಶುವಾ ಗೆದ್ದಿತು. ಮರುವರ್ಷ ಸ್ವಾಪ್ಸ್‌ನ ಹಿಂಗಾಲಿನ ಎಲುಬು ಮುರಿಯಿತು. ಪ್ಲಾಸ್ಟರ್ ಹಾಕಿದ ಮೇಲೆ ಲಾಯದ ಗೋಡೆಗೆ ಬಡಿದುಕೊಂಡು ಮತ್ತಷ್ಟು ಹೆಚ್ಚಿತು. ಆಗ ನಾಶುವಾದ ಟ್ರೇನರ್, ಸನ್ನಿ ಜಿಮ್ ಫಿಟ್ಸ್‌ಸಿಮನ್ಸ್ ಎಂಬ ಮುದುಕ, ತಮ್ಮ ಹತ್ತಿರ ಇದ್ದ ಜೋಲಿಯನ್ನು ಕಳಿಸಿಕೊಟ್ಟರು. ಹೊಟ್ಟೆಯ ಕೆಳಗೆ ಕಟ್ಟಿ ಕುದುರೆಯನ್ನು ಮೇಲಿಂದ ತೂಗುಹಾಕುವ ಜೋಲಿ. ಕಾಲಿನ ಮೇಲೆ ಭಾರ ಬೀಳುವುದಿಲ್ಲ. ಆದರೆ ಯಾವಾಗಲೂ ತೂಗಾಡಿಸಲೂ ಆಗುವುದಿಲ್ಲ. ಸ್ವಾಪ್ಸ್‌ನ ಟ್ರೇನರ್ ಮೆಶ್ ಟೆನ್ನಿ ಹಗಲೂ ರಾತ್ರಿ ಲಾಯದಲ್ಲೇ ಇದ್ದು, ಸ್ವಲ್ಪ ಸ್ವಲ್ಪ ಹೊತ್ತಿಗೆ ಅದನ್ನು ಇಳಿಸುವುದು, ಏರಿಸುವುದು ಮಾಡಿದರು. ಸ್ವಾಪ್ಸ್ ಬದುಕಿತು, 1972ರವರೆಗೆ. ಮಾವನಿಗೆ ಈ ಕಥೆ ಹೇಳಿದಾಗ ನಂಬಲಿಲ್ಲ. "ಎದುರಾಳಿ ಕುದುರೆಯವರು ಕಳಿಸಿದ್ರಾ?" ಎಂದು ಮತ್ತೆ ಮತ್ತೆ ಕೇಳಿದರು.

ಹೊರಗೆ ಬಂದರೆ ಬಾರ್ಬರೋ ಪ್ರತಿಮೆ. ಕಂಚಿನದು, ನಾಲ್ಕೂ ಕಾಲು ನೆಲ ಬಿಟ್ಟು ಹಾರುತ್ತಿದೆ. ಕೆಳಗೆ ಅದರ ಬೂದಿ ಇದೆ. 2009ರಲ್ಲಿ ಇಲ್ಲಿಟ್ಟದ್ದು. ಗೇಟಿನ ಹೊರಗಿರುವುದರಿಂದ ನೋಡಲು ಟಿಕೆಟ್ ಬೇಕಾಗಿಲ್ಲ.

2006ರ ಮೇನಲ್ಲಿ ನಾನು ಮದುವೆಯಾಗಿ ಈ ದೇಶಕ್ಕೆ ಹೊಸದಾಗಿ ಬಂದಿದ್ದೆ. ಹಗಲೆಲ್ಲ ಮನೆಯಲ್ಲಿ ಒಬ್ಬಳೇ, ಟಿವಿಯೇ ಗತಿ. ಟಿವಿ ತುಂಬ ಒಂದು ಕುದುರೆ. ಮೇ 6ರಂದು ಬಾರ್ಬರೋ ಡರ್ಬಿಯನ್ನು ಆರೂವರೆ ಕುದುರೆ ಉದ್ದದಿಂದ ಗೆದ್ದಿತ್ತು, ಅಲ್ಲಿಯವರೆಗೆ ಒಂದೂ ರೇಸ್ ಸೋತಿರಲಿಲ್ಲ. ಎರಡು ವಾರದ ನಂತರ ಬಾಲ್ಟಿಮೋರಿನ ಪ್ರೀಕ್‌ನೆಸ್‌ನಲ್ಲಿ, ಓಟ ಶುರುವಾದ ಕೆಲವೇ ಕ್ಷಣಕ್ಕೆ, ಜನರ ಕಣ್ಣೆದುರೇ ಬಲ ಹಿಂಗಾಲು ಮುರಿಯಿತು. ಜಾಕಿ ಎಡ್ಗರ್ ಪ್ರಾಡೊ ಹೇಗೋ ನಿಲ್ಲಿಸಿ ಕೆಳಗಿಳಿದ. ಪೆನ್ಸಿಲ್ವೇನಿಯಾದ ನ್ಯೂ ಬೋಲ್ಟನ್ ಸೆಂಟರಿನಲ್ಲಿ ಡೀನ್ ರಿಚರ್ಡ್‌ಸನ್ ಎಂಬ ಸರ್ಜನ್ ಇಪ್ಪತ್ತಕ್ಕೂ ಹೆಚ್ಚು ಚೂರಾಗಿದ್ದ ಎಲುಬಿಗೆ ಲೋಹದ ಪಟ್ಟಿ ಇಟ್ಟು 27 ಸ್ಕ್ರೂ ಹಾಕಿದರು. ಎಚ್ಚರಗೊಳ್ಳುವಾಗ ಅದನ್ನು ರಬ್ಬರ್ ತೆಪ್ಪದಲ್ಲಿ ಇಟ್ಟು ಬಿಸಿನೀರಿನ ಕೊಳಕ್ಕೆ ಇಳಿಸಿದರು. ಒದ್ದಾಡಿದರೂ ಕಾಲು ನೀರಿಗಷ್ಟೇ ಬಡಿಯಬೇಕು. ರಫಿಯನ್‌ಗೆ ಆದದ್ದು ಇದಕ್ಕೆ ಆಗಲಿಲ್ಲ.

ಆಸ್ಪತ್ರೆಯ ಗೇಟಿಗೆ ಜನ ಹೂವು, ಕಾರ್ಡು, ಸೇಬು, ಕ್ಯಾರೆಟ್ ತಂದು ಸುರಿದರು. ಜುಲೈನಲ್ಲಿ ಎಡ ಹಿಂಗಾಲಿಗೆ ಲ್ಯಾಮಿನೈಟಿಸ್ ಬಂತು. ಗೊರಸಿನ ಹೆಚ್ಚಿನ ಭಾಗ ಕತ್ತರಿಸಿ ತೆಗೆದರು. ಮತ್ತೆ ಚೇತರಿಸಿಕೊಂಡಿತು, ಹೊರಗೆ ಹುಲ್ಲು ಮೇಯುವ ಚಿತ್ರ ಟಿವಿಯಲ್ಲಿ ಬಂತು. ಚಳಿಗಾಲದಲ್ಲಿ ಮುಂಗಾಲುಗಳಿಗೂ ಹರಡಿತು. 2007ರ ಜನವರಿ 29ರಂದು ದಯಾಮರಣ ಕೊಟ್ಟರು. ಅವತ್ತು ನಾನೂ ಅತ್ತುಬಿಟ್ಟೆ. ಒಂದು ರೇಸೂ ನೋಡಿರದ ನಾನು.

ಬಾರ್ಬರೋ ಅಭಿಮಾನಿಗಳು ಅತ್ತು ಸುಮ್ಮನಾಗಲಿಲ್ಲ. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರು ಚಂದಾ ಎತ್ತಿ, ಹರಾಜಿಗೆ ಬಂದ ಕುದುರೆಗಳನ್ನು ಕಸಾಯಿ ವ್ಯಾಪಾರಿಗಳಿಗಿಂತ ಮೊದಲೇ ಕೊಂಡರು. ಹೀಗೆ ಉಳಿದ ಕುದುರೆಗಳು ಸಾವಿರಾರು. ಲ್ಯಾಮಿನೈಟಿಸ್ ಸಂಶೋಧನೆಗೂ ದುಡ್ಡು ಬಂತು. ಆ ಇಂಡಿಯಾನಾದ ಹೆಂಗಸಿನಂಥವರು, ಇನ್ನೇನು.

ಇಷ್ಟೆಲ್ಲ ಆದ ಮೇಲೂ ಇದೇ ಗೇಟಿನ ಒಳಗೆ 2008ರ ಡರ್ಬಿಯಲ್ಲಿ ಎರಡನೆಯದಾಗಿ ಬಂದ ಏಟ್ ಬೆಲ್ಸ್ ಎಂಬ ಹೆಣ್ಣು ಕುದುರೆ, ಗೆರೆ ದಾಟಿದ ಮೇಲೆ ಎರಡೂ ಮುಂಗಾಲು ಮುರಿದು ಬಿತ್ತು. ಟ್ರ್ಯಾಕಿನಲ್ಲೇ ಕೊನೆ. 2023ರ ಡರ್ಬಿ ಆಸುಪಾಸಿನಲ್ಲಿ ಒಂದು ತಿಂಗಳಲ್ಲಿ 12 ಕುದುರೆ ಸತ್ತವು. ಜೂನ್‌ನಲ್ಲಿ ರೇಸುಗಳನ್ನು ಎಲ್ಲಿಸ್ ಪಾರ್ಕ್ ಎಂಬ ಬೇರೆ ಟ್ರ್ಯಾಕಿಗೆ ಸಾಗಿಸಬೇಕಾಯಿತು. ಹುಡುಕಿದರೆ ಇದೇ ಕಾರಣ ಎನ್ನುವಂಥ ಒಂದು ಕಾರಣ ಸಿಗಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಮಾವ ಕೇಳಿದರು, "ಮೇ ತಿಂಗಳಲ್ಲಿ ಡರ್ಬಿಗೆ ಬರೋಣ್ವಾ?"

ನನಗೆ ಬೇಡ ಎಂದೆ. ಓಟದ ದಿನ ಇಲ್ಲಿ ನಿಂತು ನೋಡುವಷ್ಟು ಧೈರ್ಯ ನನಗಿಲ್ಲ.

"ಓಟ ನೋಡೋರು ಇಲ್ದೆ ಇದ್ರೆ ಆ ಬಿಳಿ ಕುದುರೆಗೆ ಕ್ಯಾರೆಟ್ ಎಲ್ಲಿಂದ ಬರತ್ತಮ್ಮ?"

"ಓಟವೇ ಇಲ್ಲದಿದ್ರೆ ಅದಕ್ಕೆ ನಮ್ಮ ಕ್ಯಾರೆಟ್ ಬೇಕಾಗ್ತಾನೇ ಇರಲಿಲ್ಲ, ಮಾವ."

"ಓಟ ಇಲ್ದಿದ್ರೆ ಅದು ಹುಟ್ತಾನೇ ಇರಲಿಲ್ಲ" ಎಂದರು ಅವರು. ಸಿನ್ಸಿನಾಟಿವರೆಗೂ ವಾದ ನಡೆಯಿತು. ಟಿಕೆಟ್ ಎಷ್ಟು ಎಂದು ಯಜಮಾನರು ಪೆಟ್ರೋಲ್ ಹಾಕಿಸುವಾಗ ಫೋನಿನಲ್ಲಿ ನೋಡಿದರು. ಆಮೇಲೆ ಮಾವನ ವೀಸಾ ಮಾರ್ಚಿಗೇ ಮುಗಿಯುತ್ತದೆ ಎಂದು ನೆನಪಿಸಿದರು.